ಸಂತ ಜೋಸೆಫ್ ವಾಜ್: ಗುರುಗಳಿಲ್ಲದ ಊರನ್ನು ಹುಡುಕಿಕೊಂಡು ಹೋದವರು

ಧರ್ಮಪ್ರಚಾರದ ಹುರುಪು ಅಂದ ಕೂಡಲೇ ನಮಗೆ ಏನು ನೆನಪಾಗುತ್ತದೆ? ದೊಡ್ಡ ಪೆಂಡಾಲು, ಮೈಕು, ಸಾವಿರಾರು ಜನ, ಗಂಟೆಗಟ್ಟಲೆ ಮಾತಾಡಬಲ್ಲ ಒಬ್ಬ ಬೋಧಕರು. ಇವತ್ತು ನಾನು ಹೇಳಹೊರಟಿರುವ ಸಂತರ ಬದುಕಿನಲ್ಲಿ ಇದು ಯಾವುದೂ ಇಲ್ಲ. ಶ್ರೀಲಂಕೆಗೆ ಹೋದಾಗ ಅವರು ಮಾಡಿದ ಮೊದಲ ಕೆಲಸ ಮನೆ ಮನೆ ತಿರುಗಿ ಭಿಕ್ಷೆ ಬೇಡಿದ್ದು. ತಾನು ಕಥೋಲಿಕ ಗುರು, ಅಂದರೆ ಪಾದ್ರಿ, ಅಂತ ಯಾರಿಗೂ ಹೇಳಲಿಲ್ಲ. ಯೇಸುಸ್ವಾಮಿಯ ಹೆಸರನ್ನೂ ಎತ್ತಲಿಲ್ಲ. ಆದರೂ ಧರ್ಮಪ್ರಚಾರದ ಹುರುಪನ್ನು ಇವರಿಂದ ಕಲಿಯಬೇಕು ಅಂತ ನಾನು ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ಯಾಕೆ ಅನ್ನುವುದನ್ನು ಅವರ ಬದುಕಿನ ಜೊತೆಗೇ ಹೇಳುತ್ತಾ ಹೋಗುತ್ತೇನೆ.

ನೀವೆಲ್ಲ ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುವವರು. ಧರ್ಮಪ್ರಚಾರಕರ ಹೆಸರು ಹೇಳಿ ಅಂದರೆ ನೀವು ಸಂತ ಪೌಲರ ಹೆಸರು ಹೇಳುತ್ತೀರಿ, ಸಂತ ಫ್ರಾನ್ಸಿಸ್ ಜೇವಿಯರ್ ಹೆಸರು ಹೇಳುತ್ತೀರಿ. ಸರಿಯೇ. ಆದರೆ ನಮ್ಮದೇ ಕರಾವಳಿಯಲ್ಲಿ, ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಯ ದಾರಿಗಳಲ್ಲಿ ಬರಿಗಾಲಲ್ಲಿ ಓಡಾಡಿದ ಒಬ್ಬರು ಇದ್ದಾರೆ. ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಹಾಗಿದ್ದರೂ ಕರಾವಳಿ ಬಿಟ್ಟು ಈಚೆಗೆ ಬಂದರೆ ಅವರ ಕಥೆ ಗೊತ್ತಿರುವವರು ಕಡಿಮೆ. ಅವರೇ ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರಲ್ಲಿ, ದಕ್ಷಿಣ ಗೋವಾದ ಬೆನಾವ್ಲಿಂ ಎಂಬಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕವಾಳ. ಮನೆಮಾತು ಕೊಂಕಣಿ. ಪೋರ್ಚುಗೀಸ್, ಲ್ಯಾಟಿನ್ ಕಲಿತರು. ಹಳೆಗೋವಾದಲ್ಲಿ ಜೆಸ್ವಿತರ ಕಾಲೇಜು, ಆಮೇಲೆ ಡೊಮಿನಿಕನ್ನರ ಹತ್ತಿರ ದೈವಶಾಸ್ತ್ರ. 1676ರಲ್ಲಿ ಗುರುದೀಕ್ಷೆ. ಚೆನ್ನಾಗಿ ಓದಿದ, ಒಳ್ಳೆಯ ಮನೆತನದ ಯುವ ಗುರು. ಆಗಿನ ಗೋವಾದಲ್ಲಿ ಗುರು ಅಂದರೆ ದೊಡ್ಡ ಗೌರವದ ಸ್ಥಾನ. ಆದರೆ ಯುರೋಪಿನಿಂದ ಬಂದ ಸನ್ಯಾಸಿ ಸಭೆಗಳು ನಮ್ಮ ಜನರನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಭಾರತೀಯ ಗುರುಗಳು ಎಷ್ಟೇ ಓದಿದ್ದರೂ ಎರಡನೇ ಸಾಲು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗುರುದೀಕ್ಷೆಯಾದ ಮೇಲೆ ಅವರು ಮಾಡಿದ ಒಂದು ಕೆಲಸ ಜನರ ಕಣ್ಣಿಗೆ ಬಿತ್ತು. ಕಾಲಿಗೆ ಪಾದರಕ್ಷೆ ಹಾಕುವುದನ್ನು ಬಿಟ್ಟುಬಿಟ್ಟರು. ಬಡವರು ಹೇಗೆ ನಡೆಯುತ್ತಾರೋ ಹಾಗೇ ನಡೆಯುತ್ತೇನೆ ಅಂತ. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಅವರ ಬದುಕಿನಲ್ಲಿ ಮುಂದೆ ಏನೇನು ನಡೆಯಿತೋ ಅದೆಲ್ಲ ಇಲ್ಲಿಂದಲೇ ಶುರುವಾಯಿತು ಅಂತ ನನಗೆ ಅನಿಸುತ್ತದೆ. ಒಂದೊಂದೇ ಗೌರವವನ್ನು ಕಳಚಿಡುತ್ತಾ ಹೋದರು. ಕಳಚಿಟ್ಟಷ್ಟೂ ಅವರಿಗೆ ಬಾಗಿಲುಗಳು ತೆರೆದವು.

ಈಗ ಸ್ವಲ್ಪ ಹಿಂದೆ ಹೋಗೋಣ. 1658. ಆಗ ಜೋಸೆಫ್ ವಾಜ್ ಏಳು ವರ್ಷದ ಹುಡುಗ. ಆ ವರ್ಷ ಡಚ್ಚರು ಶ್ರೀಲಂಕೆಯ ಜಾಫ್ನಾವನ್ನು ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡರು. ಕೊಲಂಬೊ ಎರಡು ವರ್ಷ ಮೊದಲೇ ಹೋಗಿತ್ತು. ಡಚ್ಚರೂ ಕ್ರೈಸ್ತರೇ, ಆದರೆ ಪ್ರಾಟೆಸ್ಟೆಂಟರು. ಕಥೋಲಿಕರು ಅಂದರೆ ಪೋರ್ಚುಗೀಸರ ಕಡೆಯವರು ಅನ್ನುವ ಅನುಮಾನ ಬೇರೆ. ಕಥೋಲಿಕ ಗುರುಗಳನ್ನೆಲ್ಲ ದ್ವೀಪದಿಂದ ಓಡಿಸಿದರು. ದೇವಾಲಯಗಳನ್ನು ವಶಪಡಿಸಿಕೊಂಡರು. ಯಾರಾದರೂ ಕಥೋಲಿಕ ಗುರುವಿಗೆ ಮನೆಯಲ್ಲಿ ಜಾಗ ಕೊಟ್ಟರೆ ಮರಣದಂಡನೆ ಅಂತ ಕಾನೂನು ಮಾಡಿದರು.

ಹೀಗೆ ಸುಮಾರು ಮೂವತ್ತು ವರ್ಷ. ಯೋಚನೆ ಮಾಡಿ ನೋಡಿ. ಮೂವತ್ತು ವರ್ಷ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಮಗು ಹುಟ್ಟಿದರೆ ಊರಿನ ಹಿರಿಯರೇ ದೀಕ್ಷಾಸ್ನಾನ ಕೊಡಬೇಕು. ಸಾಯುವವರ ತಲೆದೆಸೆಯಲ್ಲಿ ನಿಂತು ಮನೆಯವರೇ ಪ್ರಾರ್ಥನೆ ಹೇಳಬೇಕು. ಆ ಸಮಯದಲ್ಲಿ ಹುಟ್ಟಿದ ಹುಡುಗಿ ಬೆಳೆದು, ಮದುವೆಯಾಗಿ, ತಾಯಿಯಾಗಿ, ಒಬ್ಬ ಗುರುವಿನ ಮುಖವನ್ನೇ ನೋಡಿರುವುದಿಲ್ಲ. ಕೆಲವರು ಮನಸ್ಸಿನೊಳಗೆ ಕಥೋಲಿಕರಾಗಿದ್ದುಕೊಂಡು ಹೊರಗೆ ಡಚ್ಚರ ಚರ್ಚಿಗೆ ಹೋದರು. ಕೆಲವರು ಸುಮ್ನೆ ಬಿಟ್ಟುಬಿಟ್ಟರು. ಇನ್ನು ಕೆಲವರು ಕಾಡಿನ ಕಡೆಗೆ, ಡಚ್ಚರ ಕೈಗೆ ಸಿಗದ ಕ್ಯಾಂಡಿಯ ರಾಜನ ನೆಲಕ್ಕೆ ಓಡಿಹೋದರು. ಮಡು ಎಂಬಲ್ಲಿ ಮಾತೆ ಮರಿಯಮ್ಮನವರ ದೊಡ್ಡ ಪುಣ್ಯಕ್ಷೇತ್ರ ಇದೆಯಲ್ಲ, ಅದರ ಕಥೆಯೂ ಹೀಗೆ ಮಾತೆಯ ಪ್ರತಿಮೆಯನ್ನು ಎತ್ತಿಕೊಂಡು ಕಾಡಿಗೆ ಓಡಿದ ಜನರ ಕಥೆಯೇ.

ಗೋವಾದಲ್ಲಿ ಈ ಸುದ್ದಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಯಾರು ಹೋಗಬೇಕು? ಯುರೋಪಿನ ಬಿಳಿ ಚರ್ಮದ ಗುರು ಜಾಫ್ನಾದ ಬೀದಿಯಲ್ಲಿ ಕಾಣಿಸಿಕೊಂಡರೆ ಕೂಡಲೇ ಸಿಕ್ಕಿಬೀಳುತ್ತಾನೆ. ಜೋಸೆಫ್ ವಾಜ್ ಯೋಚಿಸಿದ್ದು ಇದನ್ನೇ. ನನ್ನಂಥ ಮೈಬಣ್ಣದವನು, ಬರಿಗಾಲಿನವನು, ತುಂಡುಬಟ್ಟೆ ಉಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಮೈಬಣ್ಣದ ಕಾರಣಕ್ಕೆ ಗೋವಾದಲ್ಲಿ ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದರೋ ಅದೇ ಬಣ್ಣ ಅಲ್ಲಿ ಕೆಲಸಕ್ಕೆ ಬಂತು. ದೇವರು ನಮ್ಮ ಯಾವ ಕೊರತೆಯನ್ನು ಯಾವಾಗ ಎತ್ತಿಕೊಳ್ಳುತ್ತಾನೆ ಅಂತ ಹೇಳಲಾಗದು.

ಲಂಕೆಗೆ ಕಳಿಸಿ ಅಂತ ಅವರು ಕೇಳಿದರು. ಕಳಿಸಿದ್ದು ನಮ್ಮ ಕೆನರಾಕ್ಕೆ. 1681ರಲ್ಲಿ ಇಲ್ಲಿನ ಧರ್ಮಕೇಂದ್ರಗಳ ಮೇಲ್ವಿಚಾರಕರಾಗಿ ಬಂದರು. ಆಗ ಕರಾವಳಿ ಕೆಳದಿ ಅರಸರ ಕೈಯಲ್ಲಿತ್ತು. ಆಳುತ್ತಿದ್ದವರು ರಾಣಿ ಚೆನ್ನಮ್ಮಾಜಿ. ಮುಂದೆ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟರಲ್ಲ, ಅದೇ ಚೆನ್ನಮ್ಮ. ಮಂಗಳೂರಿನ ಮಿಲಾಗ್ರಿಸ್ ಚರ್ಚು 1680ರಲ್ಲಿ ಎದ್ದದ್ದು ಆಕೆ ಕೊಟ್ಟ ಜಾಗದಲ್ಲಿ. ವೀರಶೈವ ರಾಣಿ ಕೊಟ್ಟ ನೆಲದಲ್ಲಿ ಮಾತೆ ಮರಿಯಮ್ಮನವರ ದೇವಾಲಯ. ವಿಷಯ ಬಿಟ್ಟು ಸ್ವಲ್ಪ ಆಚೆ ಹೋದೆ, ಆದರೆ ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಕೆನರಾದಲ್ಲಿ ಆಗ ಹೊರಗಿನ ಶತ್ರುವಿಗಿಂತ ಒಳಗಿನ ಜಗಳ ಜೋರಾಗಿತ್ತು. ಧರ್ಮಾಧ್ಯಕ್ಷರನ್ನು, ಅಂದರೆ ಬಿಷಪರನ್ನು, ನೇಮಿಸುವ ಹಕ್ಕು ತಮ್ಮದು ಅಂತ ಪೋರ್ಚುಗಲ್ ದೊರೆಯ ಕಡೆಯವರು. ರೋಮಿನಿಂದಲೇ ನೇಮಕವಾಗಿ ಮಂಗಳೂರಿನಲ್ಲಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಮಿಲಾಗ್ರಿಸ್ ಕಟ್ಟಿಸಿದವರು ಇವರೇ. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸರಿ, ಯಾರ ಕೈಯಿಂದ ಪಡೆದರೆ ತಪ್ಪು ಅಂತ ಜನರೊಳಗೇ ಎರಡು ಪಕ್ಷ. ವಾಜ್ ಅವರನ್ನು ಕಳಿಸಿದ್ದು ಗೋವಾದವರು. ಗೋವಾದ ಪರವಾಗಿ ಗುದ್ದಾಡಲಿ ಅನ್ನುವ ನಿರೀಕ್ಷೆ ಇತ್ತು. ಅವರು ಗುದ್ದಾಡಲಿಲ್ಲ. ಧರ್ಮಾಧ್ಯಕ್ಷರ ಹತ್ತಿರ ಹೋಗಿ ಕೂತು ಮಾತಾಡಿದರು. ಗೋವಾಕ್ಕೂ ಸಮಾಧಾನದಿಂದ ಇರಿ ಅಂತ ಬರೆದರು. ಜಗಳ ಪೂರ್ತಿ ಮುಗಿಯಲಿಲ್ಲ, ಆದರೆ ಅದಕ್ಕಾಗಿ ಕಾಯುತ್ತಾ ಕೂರದೆ ಜನರ ಕೆಲಸಕ್ಕೆ ಇಳಿದರು. ಹೊನ್ನಾವರದಿಂದ ಮಂಗಳೂರಿನ ತನಕ ನಡೆದರು. ಬಿದ್ದುಹೋಗಿದ್ದ ದೇವಾಲಯಗಳನ್ನು ಎಬ್ಬಿಸಿದರು, ಶಾಲೆ ತೆರೆದರು, ಜೀತಕ್ಕೆ ಸಿಕ್ಕಿದ್ದ ಜನರನ್ನು ಹಣ ಕೊಟ್ಟು ಬಿಡಿಸಿದರು.

ಇಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು. ನಮ್ಮ ಧರ್ಮಕೇಂದ್ರಗಳಲ್ಲೂ ಜಗಳ ಇದೆ, ಅಲ್ವಾ? ಯಾವ ಭಾಷೆಯಲ್ಲಿ ಪೂಜೆ, ಯಾರು ಗಾಯನವೃಂದದ ಮುಂದಾಳು, ಹಬ್ಬದ ಲೆಕ್ಕ ಯಾರ ಕೈಯಲ್ಲಿ. ಎಷ್ಟೋ ಒಳ್ಳೆಯ ಕೆಲಸಗಾರರ ಹುರುಪೆಲ್ಲ ಅಲ್ಲೇ ಖರ್ಚಾಗಿಹೋಗುತ್ತದೆ. ಮನೆಯೊಳಗಿನ ಗುದ್ದಾಟ ಗೆಲ್ಲುವುದನ್ನೇ ನಾವು ಧರ್ಮದ ಸೇವೆ ಅಂದುಕೊಂಡುಬಿಡುತ್ತೇವೆ. ವಾಜ್ ಅವರಿಗೆ ಇದರಲ್ಲಿ ಬೀಳುವುದಕ್ಕೆ ಎಲ್ಲ ಕಾರಣವೂ ಇತ್ತು. ಬೀಳಲಿಲ್ಲ.

ಮಂಗಳೂರಿನ ಹತ್ತಿರ ಮುಡಿಪು ಗುಡ್ಡದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಅವರನ್ನು ಸಹಿಸದ ಕೆಲವರು ಕಾಯಿಲೆಯವರಿದ್ದಾರೆ ಅಂತ ಸುಳ್ಳು ಹೇಳಿ ಅಲ್ಲಿಗೆ ಕರೆಸಿದರು, ಅಲ್ಲಿ ಅವರು ಪ್ರಾರ್ಥಿಸಿದಾಗ ನೀರಿನ ಒರತೆಗಳು ಹುಟ್ಟಿದವು ಅಂತ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಒರತೆಗಳ ನೀರನ್ನು ಇವತ್ತಿಗೂ ಭಕ್ತರು ತೆಗೆದುಕೊಂಡು ಹೋಗುತ್ತಾರೆ. ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕಾಯಿಲೆಯವರಿದ್ದಾರೆ ಅಂದರೆ ಈ ಮನುಷ್ಯ ಬಂದೇ ಬರುತ್ತಾನೆ ಅನ್ನುವುದು ಅವರ ಶತ್ರುಗಳಿಗೂ ಗೊತ್ತಿತ್ತು.

1684ರಲ್ಲಿ ಗೋವಾಕ್ಕೆ ವಾಪಸ್. ಮರುವರ್ಷ ಹಳೆಗೋವಾದಲ್ಲಿ ಕೆಲವು ಭಾರತೀಯ ಗುರುಗಳು ಸೇರಿ ಕಟ್ಟಿಕೊಂಡಿದ್ದ ಒಂದು ಸಣ್ಣ ಮಠಕ್ಕೆ ಸೇರಿದರು. ಪವಾಡ ಶಿಲುಬೆಯ ಒರಟರಿ ಅಂತ ಅದರ ಹೆಸರು. ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ರೋಮಿನ ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಅದಕ್ಕೆ ನಿಯಮ ರೂಪಿಸಿದರು. ಯುರೋಪಿನವರ ಹಂಗಿಲ್ಲದೆ ಭಾರತೀಯ ಗುರುಗಳೇ ನಡೆಸಿದ ಸಂಸ್ಥೆ ಅದು. ಹೆಮ್ಮೆಪಡಬೇಕಾದ ಸಂಗತಿ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆ ಮಠಕ್ಕೆ ಬ್ರಾಹ್ಮಣ ಮೂಲದ ಗುರುಗಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಬಿಳಿಯರು ನಮ್ಮನ್ನು ಹೊರಗಿಟ್ಟರು ಅಂತ ನೊಂದವರೇ ಇನ್ನೊಬ್ಬರನ್ನು ಹೊರಗಿಟ್ಟರು. ಜಾತಿ ಅಷ್ಟು ಸುಲಭವಾಗಿ ಹೋಗುವುದಿಲ್ಲ, ದೀಕ್ಷಾಸ್ನಾನದ ನೀರು ಬಿದ್ದ ಮೇಲೂ ಹೋಗುವುದಿಲ್ಲ. ನಮ್ಮ ಸ್ಮಶಾನಗಳಲ್ಲಿ, ನಮ್ಮ ಮದುವೆ ಮಾತುಕತೆಗಳಲ್ಲಿ ಅದು ಇವತ್ತಿಗೂ ಇದೆ.

ಅಂಥ ಮಠದ ಮುಖ್ಯಸ್ಥ ಮುಂದೆ ಏನು ಮಾಡಿದರು ನೋಡಿ. ಅಧಿಕಾರ ಬಿಟ್ಟುಕೊಟ್ಟರು. ಕೂಲಿಯವನ ವೇಷ ಹಾಕಿದರು. ಜುವಾಂವ್ ಅಂತ ಒಬ್ಬ ಯುವಕ, ಅವರ ಸೇವಕ, ಜೊತೆಗೆ ಹೊರಟ. ಬಲಿಪೂಜೆಗೆ ಬೇಕಾದ ಸಾಮಾನನ್ನು ಗಂಟಿನೊಳಗೆ ಬಚ್ಚಿಟ್ಟುಕೊಂಡರು. 1686ರಲ್ಲಿ ಗೋವಾ ಬಿಟ್ಟು, ಕೆನರಾ, ಮಲಬಾರ್ ದಾಟಿ, ತೂತ್ತುಕುಡಿಗೆ ಹೋದರು. ಅದೂ ಡಚ್ಚರ ಕೈಯಲ್ಲೇ ಇತ್ತು. ಅಲ್ಲಿಂದ ದೋಣಿ ಹತ್ತಿದರು. 1687ರ ಹೊತ್ತಿಗೆ ಜಾಫ್ನಾ ತಲುಪಿದಾಗ ಅವರು ಧರ್ಮಪ್ರಚಾರ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. ದಾರಿಯ ಕಷ್ಟಕ್ಕೆ ರಕ್ತಭೇದಿ ಹಿಡಿದಿತ್ತು. ಜುವಾಂವ್ ಕೂಡ ಮಲಗಿದ. ರೋಗ ಅಂಟೀತು ಅಂತ ಜನ ಹತ್ತಿರ ಬರಲಿಲ್ಲ. ಯಾರೋ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಅವರನ್ನು ಉಳಿಸಿದಳು ಅಂತ ಹೇಳುತ್ತಾರೆ. ಆ ಹೆಂಗಸಿನ ಹೆಸರು ಯಾವ ಹಬ್ಬದ ಪಟ್ಟಿಯಲ್ಲೂ ಇಲ್ಲ. ಆದರೆ ಲಂಕೆಯ ಧರ್ಮಸಭೆ ಮತ್ತೆ ಎದ್ದು ನಿಂತದ್ದರಲ್ಲಿ ಆಕೆಯ ಗಂಜಿಗೂ ಪಾಲಿದೆ.

ಈಗ ಆ ಭಿಕ್ಷೆಯ ವಿಷಯಕ್ಕೆ ಬರುತ್ತೇನೆ. ನಾನು ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡಬೇಕು.

ಮೈ ಸ್ವಲ್ಪ ಸುಧಾರಿಸಿದ ಮೇಲೆ ಅವರು ಮನೆ ಮನೆ ತಿರುಗತೊಡಗಿದರು. ಕೊರಳಲ್ಲಿ ಜಪಮಾಲೆ. ಬಾಯಲ್ಲಿ ಭಿಕ್ಷೆಯ ಮಾತು. ನೀವು ಕಥೋಲಿಕರಾ ಅಂತ ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ಎದುರಿಗಿದ್ದವರಿಗೂ ಅಪಾಯ, ತಮಗೂ ಅಪಾಯ. ಆದ್ದರಿಂದ ಅವರು ಮಾಡಿದ್ದು ಇಷ್ಟೇ. ಅಕ್ಕಿ ಹಾಕಲು ಬಂದವರ ಕಣ್ಣನ್ನು ನೋಡುವುದು. ಆ ಕಣ್ಣು ಜಪಮಾಲೆಯ ಮೇಲೆ ಬಿದ್ದಾಗ ಏನಾಗುತ್ತದೆ? ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರು ಮುಖ ಗಂಟು ಹಾಕುತ್ತಾರೆ. ಯಾವುದೋ ಒಂದು ಮನೆಯಲ್ಲಿ ಒಂದು ಜೋಡಿ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಆ ಮನೆಗೆ ಅವರು ಮತ್ತೆ ಹೋಗುತ್ತಾರೆ. ಮತ್ತೆ ಹೋಗುತ್ತಾರೆ. ಮಾತಾಡಿ, ನಂಬಿಕೆ ಹುಟ್ಟಿದ ಮೇಲೆ ಮೆಲ್ಲಗೆ ಹೇಳುತ್ತಾರೆ, ನಾನು ಗುರು ಅಂತ.

ನೀವೇ ಆ ಮನೆಯವರು ಅಂದುಕೊಳ್ಳಿ. ಮೂವತ್ತು ವರ್ಷದ ಮೇಲೆ ಒಬ್ಬ ಗುರು ಬಂದಿದ್ದಾರೆ. ಬಂದವರು ಕುದುರೆಯ ಮೇಲೆ ಬರಲಿಲ್ಲ, ನಿಮ್ಮ ಮನೆ ಬಾಗಿಲಲ್ಲಿ ಕೈಯೊಡ್ಡಿ ನಿಂತು ಬಂದರು. ನೀವು ಕೊಟ್ಟ ಹಿಡಿ ಅಕ್ಕಿ ಉಂಡು ಬದುಕಿದವರು. ಇಂಥವರ ಹತ್ತಿರ ಪಾಪನಿವೇದನೆ ಮಾಡಲು ನಿಮಗೆ ಭಯ ಆದೀತೇ?

ಅವರು ಕೊಡುವವರಾಗಿ ಹೋಗಲಿಲ್ಲ, ಕೇಳುವವರಾಗಿ ಹೋದರು. ಧರ್ಮಪ್ರಚಾರ ಅಂದರೆ ನಾವು ಯಾವಾಗಲೂ ಏನೋ ಹೊತ್ತುಕೊಂಡು ಹೋಗಿ ಕೊಡುವುದು ಅಂದುಕೊಂಡಿದ್ದೇವೆ. ಪುಸ್ತಕ ಕೊಡುವುದು, ಬುದ್ಧಿ ಹೇಳುವುದು, ಸಹಾಯ ಮಾಡುವುದು. ಕೊಡುವವರ ಕೈ ಮೇಲಿರುತ್ತದೆ, ತೆಗೆದುಕೊಳ್ಳುವವರ ಕೈ ಕೆಳಗಿರುತ್ತದೆ. ವಾಜ್ ತಮ್ಮ ಕೈಯನ್ನು ಕೆಳಗಿಟ್ಟರು. ಶುಭಸಂದೇಶದಲ್ಲಿ ಯೇಸುಸ್ವಾಮಿ ಸಮಾರ್ಯದ ಹೆಂಗಸಿನ ಜೊತೆ ಮಾತು ಶುರುಮಾಡಿದ್ದೂ ಹೀಗೇ ಅಲ್ವಾ, ಕುಡಿಯಲು ನೀರು ಕೊಡು ಅಂತ ಕೇಳಿ?

ಇನ್ನೊಂದು. ಅವರು ಮೊದಲು ಹುಡುಕಿದ್ದು ಹೊಸಬರನ್ನಲ್ಲ, ಕೈಬಿಟ್ಟುಹೋದವರನ್ನು. ಧರ್ಮೋಪದೇಶದ ಶಿಕ್ಷಕರಾದ ನೀವು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ನಿಮ್ಮ ಹಾಜರಿ ಪುಸ್ತಕದಲ್ಲಿ ಬರುವ ಮಕ್ಕಳ ಹೆಸರಿದೆ. ಬರುತ್ತಿದ್ದು ನಿಂತುಹೋದ ಮಕ್ಕಳ ಹೆಸರೂ ಇದೆ. ತಂದೆಯ ಕೆಲಸ ಹೋಗಿ ದೂರದ ಬಡಾವಣೆಗೆ ಮನೆ ಬದಲಿಸಿದವರು, ಅಂತರ್ಧರ್ಮೀಯ ಮದುವೆ ಮಾಡಿಕೊಂಡು ನಾಚಿಕೆಯಿಂದ ಚರ್ಚಿಗೆ ಬಾರದ ತಂದೆತಾಯಿಯ ಮಕ್ಕಳು, ಭಾನುವಾರವೂ ಹೋಟೆಲಿನಲ್ಲಿ ಕೆಲಸಕ್ಕೆ ಹೋಗುವ ಹುಡುಗರು. ಅವರ ಮನೆ ಹುಡುಕಿಕೊಂಡು ಹೋಗಿ. ಯಾಕೆ ಬರುತ್ತಿಲ್ಲ ಅಂತ ಕೇಳಬೇಡಿ, ಹೇಗಿದ್ದೀರಿ ಅಂತ ಕೇಳಿ. ಅವರು ಕಾಫಿ ಕೊಟ್ಟರೆ ಬೇಡ ಅನ್ನದೆ ಕುಡಿದು ಬನ್ನಿ.

ಜಾಫ್ನಾದ ಹತ್ತಿರ ಸಿಲ್ಲಾಲೈ ಎಂಬ ಹಳ್ಳಿ. ಅಲ್ಲಿನ ಕಥೋಲಿಕರು ಗಟ್ಟಿ ಜನ. ವಾಜ್ ಅವರನ್ನು ಅಲ್ಲಿ ಬಚ್ಚಿಟ್ಟುಕೊಂಡರು. ಸುಮಾರು ಎರಡು ವರ್ಷ ಅದೇ ನೆಲೆ. ಹಗಲಲ್ಲಿ ಕಾಣಿಸಿಕೊಳ್ಳುವಂತಿಲ್ಲ, ರಾತ್ರಿಯೇ ಎಲ್ಲ ಕೆಲಸ. ರಾತ್ರಿ ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ. ಬೆಳಕು ಹರಿಯುವ ಮೊದಲು ಜನ ಚದುರಬೇಕು. ವಾಜ್ ತಮಿಳು ಕಲಿತರು. ಸಿಲ್ಲಾಲೈಯವರಿಂದ ಹಳ್ಳಿ ಹಳ್ಳಿಗೆ ಸುದ್ದಿ ಹರಡಿತು.

ಅವರು ಅಲ್ಲಿ ಇನ್ನೊಂದು ಕೆಲಸ ಮಾಡಿದರು. ಹೊರಗೆ ಜಾಸ್ತಿ ಕಾಣದ ಕೆಲಸ, ಆದರೆ ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೆಲಸ. ಪ್ರತಿ ಊರಿನಲ್ಲೂ ಸಭೆಯನ್ನು ನೋಡಿಕೊಳ್ಳಲು ಒಬ್ಬ ಹಿರಿಯನನ್ನು ನೇಮಿಸಿದರು. ಅವನನ್ನು ಮುಪ್ಪು ಅನ್ನುತ್ತಿದ್ದರು. ಪ್ರಾರ್ಥನೆ ಹೇಳಿಕೊಡಲು, ಮಕ್ಕಳಿಗೆ ಕಲಿಸಲು ಇನ್ನೊಬ್ಬ. ಅವನು ಅಣ್ಣಾವಿ. ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾಳೆಗೊಬ್ಬ, ಅಂದರೆ ವಾರ್ಡಿಗೊಬ್ಬ, ಮುಂದಾಳು ಗುರ್ಕಾರ ಇರುತ್ತಾನಲ್ಲ, ಅದಕ್ಕೆ ಹತ್ತಿರದ ವ್ಯವಸ್ಥೆ. ಇಡೀ ದ್ವೀಪಕ್ಕೆ ತಾನೊಬ್ಬನೇ ಗುರು. ಒಂದು ಊರಿಗೆ ಇವತ್ತು ಬಂದರೆ ಮತ್ತೆ ಬರುವುದು ಯಾವಾಗಲೋ. ಬರುವುದಕ್ಕೆ ತಾನು ಬದುಕಿರುತ್ತೇನೋ ಇಲ್ಲವೋ. ಹಾಗಿರುವಾಗ ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡರೆ ತಾನು ಸಿಕ್ಕಿಬಿದ್ದ ದಿನ ಎಲ್ಲ ಮುಗಿಯುತ್ತದೆ. ಮೂವತ್ತು ವರ್ಷ ಗುರುವಿಲ್ಲದೆ ನಂಬಿಕೆಯನ್ನು ಉಳಿಸಿಕೊಂಡ ಜನರ ಬಗ್ಗೆ ಅವರಿಗೆ ಗೌರವ ಇತ್ತು. ನಾನು ಬಂದ ಮೇಲೆ ನೀವು ಸುಮ್ಮನೆ ಕೂತಿರಿ ಅನ್ನಲಿಲ್ಲ. ನೀವು, ಈ ಕೋಣೆಯಲ್ಲಿ ಕೂತಿರುವವರು, ಆ ಅಣ್ಣಾವಿಗಳ ಸಾಲಿನವರು. ಗುರುಗಳಿಗೆ ಪುರುಸೊತ್ತಿಲ್ಲ ಅಂತ ನಿಮ್ಮನ್ನು ಇಟ್ಟುಕೊಂಡದ್ದಲ್ಲ. ನೀವಿಲ್ಲದಿದ್ದರೆ ಸಭೆ ನಿಲ್ಲುವುದಿಲ್ಲ ಅಂತ ಇಟ್ಟುಕೊಂಡದ್ದು.

1689ರ ಕ್ರಿಸ್ಮಸ್ ರಾತ್ರಿ ಡಚ್ಚರಿಗೆ ಸುಳಿವು ಸಿಕ್ಕಿತು. ಪೂಜೆಗೆ ಸೇರಿದ್ದ ಮನೆಗಳ ಮೇಲೆ ಸೈನಿಕರು ನುಗ್ಗಿದರು. ವಾಜ್ ತಪ್ಪಿಸಿಕೊಂಡರು. ಜನ ಸಿಕ್ಕಿಬಿದ್ದರು. ಕೆಲವರಿಗೆ ಚಾಟಿಯೇಟು, ಸೆರೆ, ಕಠಿಣ ಶಿಕ್ಷೆ. ಈ ಘಟನೆಯನ್ನು ಹೇಳುವಾಗ ಗುರು ಪಾರಾದರು ಅಂತ ಸಂತೋಷಪಟ್ಟು ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಹುರುಪು ಒಬ್ಬರದು, ಬೆಲೆ ಕೊಟ್ಟವರು ಇನ್ನೊಬ್ಬರು. ವಾಜ್ ಅವರ ಮನಸ್ಸಿನಲ್ಲಿ ಆ ರಾತ್ರಿ ಏನು ನಡೆದಿರಬಹುದು? ತಾನು ಬಾರದೇ ಇದ್ದಿದ್ದರೆ ಇವರೆಲ್ಲ ಮನೆಯಲ್ಲಿ ಸುಖವಾಗಿರುತ್ತಿದ್ದರು ಅಂತ ಅನಿಸದೇ ಇರುತ್ತದೆಯೇ? ಆದರೆ ಅವರು ಗೋವಾಕ್ಕೆ ವಾಪಸ್ ಹೋಗಲಿಲ್ಲ. ಪೂಜೆಗೆ ಬಂದರೆ ಏನಾಗಬಹುದು ಅಂತ ಆ ಜನಕ್ಕೂ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದರು. ಅವರನ್ನು ನೋಡಿ ಅಯ್ಯೋ ಪಾಪ ಅನ್ನುವುದು ಅವರ ಧೈರ್ಯಕ್ಕೆ ಮಾಡುವ ಅವಮಾನ.

ಡಚ್ಚರ ಕಣ್ಣು ತಪ್ಪಿಸಿ 1690ರ ಹೊತ್ತಿಗೆ ಪುತ್ತಳಂಗೆ ಹೋದರು. ಅದು ಕ್ಯಾಂಡಿ ರಾಜನ ಸೀಮೆ. 1692ರಲ್ಲಿ ಕ್ಯಾಂಡಿಗೇ ಹೊರಟರು. ಅಲ್ಲಿ ಎರಡನೇ ವಿಮಲಧರ್ಮಸೂರ್ಯ ಆಳುತ್ತಿದ್ದ. ಬೌದ್ಧ ರಾಜ. ಅವನ ಆಸ್ಥಾನದ ಹತ್ತಿರವಿದ್ದ ಲಾನರೋಲ್ ಎಂಬ ಫ್ರೆಂಚ್ ಪ್ರಾಟೆಸ್ಟೆಂಟ್ ಒಬ್ಬ, ಇವನು ಪೋರ್ಚುಗೀಸರ ಗೂಢಚಾರ ಅಂತ ಚಾಡಿ ಹೇಳಿದ. ವಾಜ್ ಅವರನ್ನು ಹಿಡಿದು ಸೆರೆಯಲ್ಲಿಟ್ಟರು.

ಸೆರೆಯಲ್ಲಿ ಏನು ಮಾಡಿದರು? ಸಿಂಹಳ ಕಲಿತರು. ಕಾವಲು ಸ್ವಲ್ಪ ಸಡಿಲವಾದಾಗ ಅಲ್ಲೇ ಒಂದು ಗುಡಿಸಲು ಕಟ್ಟಿ ಪೂಜಾಪೀಠ ಮಾಡಿಕೊಂಡರು. ಅಲ್ಲಿದ್ದ ಕಥೋಲಿಕರು ಒಬ್ಬೊಬ್ಬರಾಗಿ ಬರತೊಡಗಿದರು. ನಾವಾದರೆ ಕೆಲಸಕ್ಕೆ ಅಡ್ಡಿ ಬಂತು ಅಂತ ಕೊರಗುತ್ತಿದ್ದೆವು. ಅವರು ತರಗತಿ ಶುರುವಾಯಿತು ಅಂದುಕೊಂಡರು. ಕೊಂಕಣಿ ಮನೆಮಾತಿನವರು ಮಧ್ಯವಯಸ್ಸಿನಲ್ಲಿ ತಮಿಳು, ಅದರ ಮೇಲೆ ಸಿಂಹಳ. ಜನರ ಭಾಷೆ ಕಲಿಯುವ ತನಕ ಜನರಿಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಅನ್ನುವ ವಿನಯ ಅದು.

1693ರಲ್ಲಿ ಬರ. ಮಳೆಗಾಗಿ ಬೌದ್ಧ ಭಿಕ್ಷುಗಳು ಪ್ರಾರ್ಥನೆ ಮಾಡಿದರು, ಮಳೆ ಬರಲಿಲ್ಲ. ರಾಜ ವಾಜ್ ಅವರನ್ನು ಕೇಳಿದ. ಅವರು ಬಯಲಿನಲ್ಲಿ ಪೀಠ ಹಾಕಿ, ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರು. ಮಳೆ ಸುರಿಯಿತು, ಅವರು ಮತ್ತು ಪೀಠ ಮಾತ್ರ ನೆನೆಯಲಿಲ್ಲ ಅಂತ ಪರಂಪರೆ ಹೇಳುತ್ತದೆ. ಅಲ್ಲಿಂದ ರಾಜ ಅವರಿಗೆ ತನ್ನ ರಾಜ್ಯದಲ್ಲಿ ಧರ್ಮ ಬೋಧಿಸುವ ಸ್ವಾತಂತ್ರ್ಯ ಕೊಟ್ಟ.

ಪ್ರವಚನಗಳಲ್ಲಿ ಈ ಮಳೆಯ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ನಂಬುತ್ತೇನೆ. ಆದರೆ ಮಕ್ಕಳಿಗೆ ಹೇಳುವಾಗ ಅಲ್ಲಿಗೇ ನಿಲ್ಲಿಸಬೇಡಿ. ಮಳೆ ಒಂದು ದಿನದ ಮಾತು. ನಾಲ್ಕು ವರ್ಷದ ಮೇಲೆ ಬಂದದ್ದು ಸಿಡುಬು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಆಗ ಅದಕ್ಕೆ ಮದ್ದಿಲ್ಲ. ಮನೆಯಲ್ಲಿ ಯಾರಿಗಾದರೂ ಬಂದರೆ ಉಳಿದವರನ್ನು ಉಳಿಸಿಕೊಳ್ಳಬೇಕು ಅಂತ ರೋಗಿಯನ್ನು ಕಾಡಿಗೆ ಒಯ್ದು ಬಿಟ್ಟುಬರುತ್ತಿದ್ದರು. ಹೆತ್ತವರನ್ನೂ, ಮಕ್ಕಳನ್ನೂ. ಕ್ರೂರಿಗಳು ಅನ್ನಬೇಡಿ, ಭಯ ಹಾಗೆ ಮಾಡಿಸುತ್ತದೆ. ಕೊರೊನಾ ಕಾಲದಲ್ಲಿ ಶವ ಮುಟ್ಟಲೂ ಮನೆಯವರು ಬಾರದ್ದನ್ನು ನಾವೇ ನೋಡಿದ್ದೇವೆ. ಅಂಥ ಹೊತ್ತಿನಲ್ಲಿ ವಾಜ್ ಮತ್ತು ಅವರ ಸಂಬಂಧಿ, ಯುವ ಗುರು ಜೋಸೆಫ್ ಕರ್ವಾಲ್ಯೊ, ಕಾಡಿಗೆ ಹೋದರು. ಬಿದ್ದಿದ್ದವರಿಗೆ ಗುಡಿಸಲು ಹಾಕಿದರು. ಖಾಲಿ ಮನೆಗಳನ್ನು ಆಸ್ಪತ್ರೆ ಮಾಡಿದರು. ಅನ್ನ ಬೇಯಿಸಿ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೊತ್ತು ಮಣ್ಣು ಮಾಡಿದರು. ಇವನು ಬೌದ್ಧ, ಇವನು ಕಥೋಲಿಕ ಅಂತ ನೋಡಲಿಲ್ಲ. ಮಳೆ ತರಿಸಿದವರ ಬಗ್ಗೆ ರಾಜನಿಗೆ ಬೆರಗು ಇತ್ತು. ಹುಣ್ಣು ತೊಳೆದವರ ಬಗ್ಗೆ ಜನರಿಗೆ ಹುಟ್ಟಿದ್ದು ಪ್ರೀತಿ.

ನಮ್ಮ ದೇಶದಲ್ಲಿ ಇವತ್ತು ಧರ್ಮಪ್ರಚಾರ ಅನ್ನುವ ಮಾತೇ ಜಗಳದ ಮಾತಾಗಿದೆ. ಇದರಿಂದ ನುಣುಚಿಕೊಳ್ಳುವುದು ಬೇಡ. ವಾಜ್ ಅವರು ಕೇಳಿ ಬಂದವರಿಗೆ ದೀಕ್ಷಾಸ್ನಾನ ಕೊಟ್ಟರು, ಯೇಸುಸ್ವಾಮಿಯನ್ನು ಸಾರಿದರು, ಅದನ್ನು ನಾಚಿಕೆಯಿಂದ ಬಚ್ಚಿಡುವ ಅಗತ್ಯ ಇಲ್ಲ. ಆದರೆ ಅವರ ಹಿಂದೆ ಯಾವ ಸೈನ್ಯವೂ ಇರಲಿಲ್ಲ, ಹಣವೂ ಇರಲಿಲ್ಲ. ಅವರನ್ನು ಬೇಟೆಯಾಡಿದವರು ಕ್ರೈಸ್ತರು. ನೆಲೆ ಕೊಟ್ಟವನು ಬೌದ್ಧ ರಾಜ. ಆ ಋಣ ಅವರಿಗೆ ಗೊತ್ತಿತ್ತು. ನೆರೆಯವರ ನಂಬಿಕೆಯನ್ನು ಹೀಗಳೆದು ನಮ್ಮ ನಂಬಿಕೆಯನ್ನು ಎತ್ತಿ ಹಿಡಿಯುತ್ತೇನೆ ಅನ್ನುವವರು ವಾಜ್ ಅವರ ಹೆಸರು ಹೇಳಬಾರದು.

ಅವರ ಕೆಲಸದ ಸುದ್ದಿ ಹರಡಿತು. ಗೋವಾದ ಮಠದಿಂದ ಇನ್ನಷ್ಟು ಗುರುಗಳು ಬಂದರು. ಕೊಚ್ಚಿನ ಧರ್ಮಾಧ್ಯಕ್ಷರು ವಾಜ್ ಅವರನ್ನು ಲಂಕೆಯ ಶ್ರೇಷ್ಠಗುರುವನ್ನಾಗಿ, ಅಂದರೆ ಅಲ್ಲಿ ತಮ್ಮ ಪ್ರತಿನಿಧಿಯನ್ನಾಗಿ, ನೇಮಿಸಿದರು. ಚೀನಾಕ್ಕೆ ಹೋಗುವ ದಾರಿಯಲ್ಲಿ ಭಾರತಕ್ಕೆ ಬಂದಿದ್ದ ಪೋಪರ ಪ್ರತಿನಿಧಿ ತುರ್ನೋನ್, ವಾಜ್ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಬೇಕು ಅಂದರು. ವಾಜ್ ಒಪ್ಪಲಿಲ್ಲ. ಕ್ಯಾಂಡಿಯಿಂದ ಟ್ರಿಂಕೋಮಲಿ, ಬಟ್ಟಿಕಲೋವ, ನೆಗೊಂಬೊ, ಡಚ್ಚರ ಮೂಗಿನ ಕೆಳಗಿನ ಕೊಲಂಬೊ, ಎಲ್ಲ ಕಡೆ ವೇಷ ಮರೆಸಿಕೊಂಡು ನಡೆಯುವ ಕೆಲಸ ಬಾಕಿ ಇತ್ತು. ಅದಕ್ಕೆ ಧರ್ಮಾಧ್ಯಕ್ಷರ ಉಂಗುರ ಅಡ್ಡಿ.

1705ರಲ್ಲಿ ಬಂದ ಒಬ್ಬರ ಹೆಸರನ್ನು ಹೇಳಲೇಬೇಕು. ಜಾಕೊಮೆ ಗೊನ್ಸಾಲ್ವಿಸ್. ಗೋವಾದ ದಿವಾಡಿಯವರು, ಇವರದೂ ಕೊಂಕಣಿ. ವಾಜ್ ಅವರಿಗೆ ಈ ಯುವಕನ ಭಾಷೆಯ ಶಕ್ತಿ ಕೂಡಲೇ ಕಾಣಿಸಿತು. ಸಿಂಹಳ ಓದು, ಬೌದ್ಧ ವಿದ್ವಾಂಸರ ಹತ್ತಿರ ಕಲಿ, ಪುಸ್ತಕ ಬರೆ ಅಂತ ಅವರನ್ನು ಆ ಕೆಲಸಕ್ಕೇ ಬಿಟ್ಟರು. ಗುರುಗಳ ಕೊರತೆ ಇದ್ದ ಕಾಲ. ಒಂದು ಸೀಮೆಯನ್ನು ನೋಡಿಕೊಳ್ಳಬಲ್ಲ ಆಳನ್ನು ಪುಸ್ತಕದ ಮುಂದೆ ಕೂರಿಸುವುದು ಸುಲಭದ ನಿರ್ಧಾರ ಅಲ್ಲ. ಸಿಂಹಳದ ಕಥೋಲಿಕ ಸಾಹಿತ್ಯ ಶುರುವಾದದ್ದೇ ಗೊನ್ಸಾಲ್ವಿಸ್ ಅವರಿಂದ. ತಮಿಳಿನಲ್ಲೂ ಬರೆದರು.

1711ರ ಜನವರಿ 16ರಂದು ವಾಜ್ ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಹೊರಟಾಗ ಅವರೊಬ್ಬರೇ ಗುರು. ತೀರಿಕೊಂಡಾಗ ಸುಮಾರು 70,000 ಕಥೋಲಿಕರು, ನೂರಾರು ಪ್ರಾರ್ಥನಾಲಯಗಳು ಇದ್ದವು ಅಂತ ಚರಿತ್ರೆಯಲ್ಲಿ ಬರೆದಿದ್ದಾರೆ. ಅವರ ಸಮಾಧಿ ಎಲ್ಲಿದೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಅವರನ್ನು ಮಣ್ಣು ಮಾಡಿದ್ದ ಕ್ಯಾಂಡಿಯ ದೇವಾಲಯ ಉಳಿಯಲಿಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಕ್ಕೆ ಬಂದು ಅವರನ್ನು ಪುನೀತರೆಂದು ಘೋಷಿಸಿದರು. ಅದು ಸಂತ ಪದವಿಯ ಹಿಂದಿನ ಮೆಟ್ಟಿಲು. ಇಪ್ಪತ್ತು ವರ್ಷದ ಮೇಲೆ, 2015ರ ಜನವರಿ 14ರಂದು, ಅದೇ ಊರಿನ ಗಾಲ್ ಫೇಸ್ ಬಯಲಿನಲ್ಲಿ ಸಂತ ಪದವಿ. ಲಂಕೆಯ ಮೊದಲ ಸಂತ, ಹುಟ್ಟಿದ್ದು ನಮ್ಮ ಪಕ್ಕದ ಗೋವಾದಲ್ಲಿ.

ಅವರು ಹೋದ ಮೇಲೆ ಕೆಲಸ ನಿಲ್ಲಲಿಲ್ಲ. ಡಚ್ಚರ ಕಾನೂನು ಹಾಗೇ ಇತ್ತು. ಗೋವಾದ ಮಠ ಮಾತ್ರ ಒಬ್ಬರ ಹಿಂದೆ ಒಬ್ಬರಂತೆ ಗುರುಗಳನ್ನು ಕಳಿಸುತ್ತಲೇ ಹೋಯಿತು. 1796ರಲ್ಲಿ ಡಚ್ಚರು ಹೋಗಿ ಬ್ರಿಟಿಷರು ಬಂದರು. 1806ರಲ್ಲಿ ಕಥೋಲಿಕರ ಮೇಲಿದ್ದ ನಿರ್ಬಂಧ ತೆಗೆದರು. ಹೊರಗೆ ಬಂದು ನೋಡಿದರೆ ಡಚ್ಚರು ಒತ್ತಾಯದಿಂದ ಕಟ್ಟಿದ್ದ ಸಭೆ ಕರಗಿಹೋಗಿತ್ತು. ಊರೂರಿನ ಮುಪ್ಪು, ಅಣ್ಣಾವಿಗಳು ನೋಡಿಕೊಂಡಿದ್ದ ಸಭೆ ಉಳಿದಿತ್ತು. ಗೊನ್ಸಾಲ್ವಿಸ್ ಬರೆದ, ಯೇಸುಸ್ವಾಮಿಯ ಪಾಡುಗಳ ಹಾಡನ್ನು ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಸಿಂಹಳದವರು ಈಗಲೂ ಹಾಡುತ್ತಾರೆ.